ಮೇಪಲ್ ಎಲೆಯ ತೋರಣ

ನಾವಿರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸೆಪ್ಟೆಂಬರ್ ಕಾಲಿಡುತ್ತಿದ್ದಂತೆಯೇ ಅಂಗಡಿಗಳ ಮುಂಗಟ್ಟಿನಲ್ಲಿ ಶರತ್ಕಾಲದ ಅಲಂಕಾರದ ಸಾಮಾನು ತುಂಬಿಕೊಳ್ಳುತ್ತದೆ. ಬಟ್ಟೆಯ ಎಲೆಗಳ ಮಾಲೆ, ಪ್ಲಾಸ್ಟಿಕ್ ಕುಂಬಳಕಾಯಿ, ಬಾಗಿಲಿಗೆ ತೂಗುಹಾಕುವ ಬಳ್ಳಿಯ ಬಳೆ, ಹೀಗೆ ಒಂದೊಂದಾಗಿ ಕೊಂಡರೆ ಒಂದು ಕೋಣೆಯ ಸಿಂಗಾರಕ್ಕೇ ನೂರು ಡಾಲರ್ ಸುಲಭವಾಗಿ ಕರಗುತ್ತದೆ. ಆ ಮಾಲೆಗಳ ಎಲೆಗಳೆಲ್ಲ ಒಂದೇ ಅಚ್ಚಿನವು, ಒಂದೇ ಕೆಂಪಿನವು. ಹೊರಗೆ ಅಂಗಳದಲ್ಲಿ, ಒಂದರಂತೆ ಇನ್ನೊಂದಿಲ್ಲದ ಸಾವಿರಾರು ಎಲೆಗಳನ್ನು ಜನ ಗುಡಿಸಿ, ಕಾಗದದ ಚೀಲಗಳಿಗೆ ತುಂಬಿ ರಸ್ತೆಯಂಚಿನಲ್ಲಿ ಇಡುತ್ತಿರುತ್ತಾರೆ. ಇದನ್ನು ನೋಡುವಾಗಲೆಲ್ಲ ನನಗೆ ಹೊಟ್ಟೆ ಚುರುಕ್ಕೆನ್ನುತ್ತದೆ.

2023ರಲ್ಲಿ ನವರಾತ್ರಿ ಅಕ್ಟೋಬರ್ 15ಕ್ಕೆ ಶುರುವಾಯಿತು. ಇಲ್ಲಿ ಎಲೆಗಳ ಬಣ್ಣ ತುಂಬಿ ಬರುವುದೂ ಸುಮಾರಾಗಿ ಆ ದಿನಗಳಲ್ಲೇ. ಮೈಸೂರಿನಿಂದ ಬಂದಿದ್ದ ಅಮ್ಮ ನಮ್ಮಲ್ಲಿದ್ದರು. ಪಟ್ಟದ ಗೊಂಬೆಗಳ ಜೋಡಿಯನ್ನು ಸೀರೆಯಲ್ಲಿ ಸುತ್ತಿ ತಂದಿದ್ದರು. ಗೊಂಬೆ ಕೂರಿಸುವ ಜಾಗಕ್ಕೆ ಮಾವಿನೆಲೆಯ ತೋರಣ ಕಟ್ಟಬೇಕೆಂದು ನನ್ನ ಆಸೆ. ಭಾರತೀಯ ಅಂಗಡಿಯಲ್ಲಿ ಸಣ್ಣ ಪೊಟ್ಟಣದಲ್ಲಿ ಸಿಗುವ ನಾಲ್ಕಾರು ಬಾಡಿದ ಎಲೆಗಳಿಂದ ಅದು ಆಗುವಂತಿರಲಿಲ್ಲ. "ಮಾವಿನೆಲೆ ಇಲ್ಲ ಅಂತ ಯಾಕೇ ಕೊರಗ್ತೀಯ? ಬಾಗಿಲ ಮುಂದೆ ಇಷ್ಟೊಂದು ಎಲೆ ಬಿದ್ದಿದೆಯಲ್ಲ" ಎಂದು ಅಮ್ಮ ಹೇಳಿದ ಮೇಲೆ, ಮಹಾಲಯ ಅಮಾವಾಸ್ಯೆಯ ಶನಿವಾರವನ್ನು ಪೂರ್ತಿಯಾಗಿ ಈ ಕೆಲಸಕ್ಕೆ ಎತ್ತಿಟ್ಟೆವು.

ಎಲೆಗಳನ್ನು ಮಾತ್ರ ಅದಕ್ಕೂ ಮೊದಲಿನ ವಾರವೇ ಆರಿಸತೊಡಗಿದ್ದೆವು. ಹಗಲು ಕಿರಿದಾಗುತ್ತಾ ಬಂದಂತೆ ಎಲೆಯಲ್ಲಿನ ಪತ್ರಹರಿತ್ತು ಒಡೆದುಹೋಗಿ, ಮೊದಲಿನಿಂದಲೂ ಒಳಗೆ ಅಡಗಿದ್ದ ಹಳದಿ ಮೇಲಕ್ಕೆ ಕಾಣುತ್ತದೆ. ಕೆಂಪು ಹಾಗಲ್ಲ, ಅದು ಬಹುಮಟ್ಟಿಗೆ ಆಗಲೇ ಹೊಸದಾಗಿ ಹುಟ್ಟುವ ಬಣ್ಣ. ಬಿಸಿಲಿನ ಹಗಲೂ ತಣ್ಣನೆಯ ರಾತ್ರಿಯೂ ಕೂಡಿಬಂದರೆ ಗಾಢವಾಗುತ್ತದೆ. ಆದ್ದರಿಂದಲೇ ಒಂದೇ ಮೇಪಲ್ ಮರದಲ್ಲಿ ಬಿಸಿಲಿಗೆ ಮುಖಮಾಡಿದ ಕೊಂಬೆ ಕುಂಕುಮದಂತಿದ್ದರೆ ನೆರಳಿನ ಕೊಂಬೆ ಹಳದಿಯಾಗಿಯೇ ಉಳಿದಿರುವುದುಂಟು. ಇಬ್ಬನಿ ಆರಿದ ಮೇಲೆ, ಅಂಚು ಸುರುಳಿಕೊಳ್ಳುವ ಮೊದಲು, ಅಂದೇ ಉದುರಿದ ಎಲೆಗಳನ್ನು ಎತ್ತಿಕೊಳ್ಳಬೇಕು. ಒದ್ದೆ ಎಲೆಯನ್ನು ಒತ್ತಿಟ್ಟರೆ ಕಪ್ಪು ಕಲೆ ಏಳುತ್ತದೆ. ನೆರೆಮನೆಯ ಹಿರಿಯ ಮಹಿಳೆಯೊಬ್ಬರು ತಮ್ಮ ಅಂಗಳದಿಂದಲೂ ಬೇಕಾದಷ್ಟು ಆರಿಸಿಕೊಳ್ಳಿ ಎಂದು ಸಂತೋಷದಿಂದ ಹೇಳಿದರು. ಮಗಳಿಗೆ ನಾನು ಹೇಳಿದ ಎಚ್ಚರಿಕೆ ಒಂದೇ: ಬೇಲಿಗೂ ಮರದ ಕಾಂಡಕ್ಕೂ ಹಬ್ಬಿದ, ಮೂರು ಮೂರು ಎಲೆ ಕೂಡಿದ ಕೆಂಪು ಬಳ್ಳಿಯನ್ನು ಮುಟ್ಟಬಾರದು. ಅದು ಪಾಯ್ಸನ್ ಐವಿ. ಶರತ್ಕಾಲದಲ್ಲಿ ಅದರಷ್ಟು ಚೆಲುವಾಗಿ ಕೆಂಪಾಗುವ ಗಿಡ ಕಡಿಮೆ, ಆದರೆ ಅದರ ಎಣ್ಣೆ ತಾಗಿದರೆ ಚರ್ಮದ ಮೇಲೆ ಗುಳ್ಳೆಗಳೆದ್ದು ವಾರಗಟ್ಟಲೆ ತುರಿಸುತ್ತದೆ.

ಎಲೆಗಳನ್ನು ಹಳೆಯ ಪತ್ರಿಕೆಗಳ ನಡುವೆ ಹರಡಿ, ಮೇಲೆ ಅಕ್ಕಿಯ ಚೀಲ ಹೇರಿದವರು ಅಮ್ಮ. ಅವರ ಬಾಲ್ಯದಲ್ಲಿ ಮನೆಯಲ್ಲಿ ಮುತ್ತುಗದ ಎಲೆಯನ್ನು ಹೀಗೆಯೇ ಭಾರದಡಿ ಒಣಗಿಸಿಟ್ಟು, ಬೇಕಾದಾಗ ನೀರು ಚಿಮುಕಿಸಿ ಮೆದುವಾಗಿಸಿಕೊಂಡು, ಕಡ್ಡಿ ಚುಚ್ಚಿ ಊಟದೆಲೆ ಹಚ್ಚುತ್ತಿದ್ದರಂತೆ. ಇಲ್ಲಿನ ಕರಕುಶಲ ಪುಸ್ತಕಗಳು ವಿವರವಾಗಿ ಕಲಿಸುವ ಎಲೆ ಒತ್ತುವ ವಿದ್ಯೆ ಅವರ ಕೈಗೆ ಮೊದಲೇ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಒಲೆಯ ಮೇಲೆ ನೀರಿನ ಪಾತ್ರೆಯಿಟ್ಟು, ಅದರೊಳಗೆ ಒಂದು ಹಳೆಯ ತವರದ ಡಬ್ಬಿಯನ್ನು ಇಳಿಸಿ, ಹತ್ತಿರದ ತೋಟದವರಿಂದ ಕೊಂಡ ಜೇನುಮೇಣವನ್ನು ಕರಗಿಸಿದೆ. ಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಅದನ್ನು ನೇರ ಉರಿಗೆ ಇಡಬಾರದು. ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ತೊಟ್ಟು ಹಿಡಿದು ಎಲೆಯನ್ನು ಒಮ್ಮೆ ಮುಳುಗಿಸಿ ಎತ್ತಿದರೆ, ಹೆಚ್ಚಿನ ಮೇಣ ತುದಿಗಳಿಂದ ತೊಟ್ಟಿಕ್ಕಿ, ಉಳಿದದ್ದು ನಾವು ನೋಡುತ್ತಿದ್ದಂತೆಯೇ ಮಬ್ಬಾಗಿ ಗಟ್ಟಿಯಾಗುತ್ತದೆ. ನರಗಳು ಎದ್ದು ಕಾಣುತ್ತವೆ, ಮನೆಯೆಲ್ಲ ಜೇನಿನ ವಾಸನೆ. ಮೇಪಲ್ ಎಲೆಯ ತೊಟ್ಟು ಬೆರಳುದ್ದ ಇರುವುದರಿಂದ ತೋರಣಕ್ಕೆ ಹೇಳಿ ಮಾಡಿಸಿದಂತಿದೆ. ಅಮ್ಮ ತೊಟ್ಟನ್ನು ಸೆಣಬಿನ ಹುರಿಯ ಮೇಲೆ ಹಿಂದಕ್ಕೆ ಮಡಿಸಿ, ಎಲೆಯ ಬುಡಕ್ಕೆ ಪೊರಕೆಯ ಕಡ್ಡಿಯ ಚೂರೊಂದನ್ನು ಚುಚ್ಚಿ ನಿಲ್ಲಿಸುತ್ತಿದ್ದರು. ಎರಡು ಕೆಂಪು, ಒಂದು ಹಳದಿ, ನಡುವೆ ಕಂದು ಬಣ್ಣದ ಓಕ್ ಎಲೆ, ಎಂಬ ಕ್ರಮವನ್ನು ಹಾಕಿಕೊಟ್ಟವಳು ಮಗಳು. ಅಜ್ಜಿ ಅದನ್ನು ಒಂದು ಕಡೆಯೂ ತಪ್ಪಿಸಲಿಲ್ಲ.

ಹಿತ್ತಲಿನ ಪೈನ್ ಮರದಡಿ ಬಿದ್ದಿದ್ದ ಕಾಯಿಗಳನ್ನು ಅವನ್‌ನಲ್ಲಿ 200 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಅರ್ಧ ಗಂಟೆಯ ಮೇಲೆ ಇಟ್ಟೆವು. ಒಳಗಿನ ಹುಳುಗಳು ಸಾಯಲೆಂದು ಇದನ್ನು ಮಾಡುತ್ತಾರೆ, ಜೊತೆಗೆ ಕೈಗಂಟುವ ರಾಳವೂ ಒಣಗುತ್ತದೆ. ತೇವವಿದ್ದಾಗ ಮುಚ್ಚಿಕೊಂಡಿರುವ ಈ ಕಾಯಿಗಳು ಒಣಗಿದಂತೆ ಪಕಳೆ ಪಕಳೆಯಾಗಿ ಬಿಚ್ಚಿಕೊಳ್ಳುವುದನ್ನು ಮಗಳು ಅವನ್‌ನ ಗಾಜಿಗೆ ಮುಖವಿಟ್ಟು ನೋಡುತ್ತಾ ಕುಳಿತಳು. ಅವೇ ಮೆಟ್ಟಿಲುಗಳ ಅಂಚಿನಲ್ಲಿ ಸಾಲಾಗಿ ಕುಳಿತವು. ಶೆಟ್ಟಿ ಶೆಟ್ಟಮ್ಮನ ಅಂಗಡಿಯ ಮುಂದೆ ಅಕ್ಕಿ ಬೇಳೆಯ ಪುಟ್ಟ ರಾಶಿಗಳ ಪಕ್ಕದಲ್ಲಿ ಓಕ್ ಮರದ ಕಾಯಿಗಳದ್ದೂ ಒಂದು ರಾಶಿ ಬಂತು. ಇಕ್ಕೆಲಗಳಲ್ಲಿ ಎರಡು ಸಣ್ಣ ಸಿಹಿಗುಂಬಳಕಾಯಿ. ಅವನ್ನು ತೊಟ್ಟು ಹಿಡಿದು ಎತ್ತಬಾರದು, ತೊಟ್ಟು ಮುರಿದ ಕಡೆಯಿಂದ ಕೊಳೆಯತೊಡಗುತ್ತದೆ.

ಒಂದು ವಿಷಯದಲ್ಲಿ ನಾನು ಬಿಗಿಯಾಗಿದ್ದೆ. ಒಣ ಎಲೆಗೆ ಮೇಣ ಬೇರೆ ಸೇರಿದರೆ ಅದು ಬತ್ತಿಯೇ. ದೀಪಗಳನ್ನು ಮೆಟ್ಟಿಲ ಮೇಲೆ ಇಡದೆ, ತೋರಣದಿಂದ ಸಾಕಷ್ಟು ದೂರದಲ್ಲಿ, ನೆಲದ ಮೇಲೆ ಹಿತ್ತಾಳೆಯ ಹರಿವಾಣದಲ್ಲಿ ಇಟ್ಟೆವು. ಆರತಿಯನ್ನೂ ಅಲ್ಲಿಂದಲೇ ಎತ್ತಿದರು ಅಮ್ಮ.

ಮೇಣ, ಹುರಿ, ಕುಂಬಳಕಾಯಿ ಎಲ್ಲ ಸೇರಿ ಖರ್ಚು ಇಪ್ಪತ್ತು ಡಾಲರ್ ದಾಟಲಿಲ್ಲ. ಕುಂಬಳಕಾಯಿಗಳಂತೂ ವಿಜಯದಶಮಿಯ ನಂತರ ಹುಳಿಯಾಗಿ ತಟ್ಟೆಗೆ ಬಂದವು. ಅಲಂಕಾರಕ್ಕೆಂದೇ ಮಾರುವ ಗಂಟುಗಂಟಿನ ಬಣ್ಣದ ಸೋರೆಗಳನ್ನು ಮಾತ್ರ ಅಡುಗೆಗೆ ಬಳಸಬಾರದು; ಅವು ಕಹಿ, ಹೊಟ್ಟೆ ಕೆಡಿಸುತ್ತವೆ. ಮೇಪಲ್‌ನ ಕೆಂಪು ದಿನ ಕಳೆದಂತೆ ಕಂದಿತು, ಓಕ್ ಎಲೆ ಹಾಗೇ ಉಳಿಯಿತು. ನೋಡಲು ಬಂದ ಗೆಳತಿಯರು ಹೆಚ್ಚು ಹೊತ್ತು ನಿಂತದ್ದು ಆ ತೋರಣದ ಮುಂದೆ, ನನಗೆ ಅದರಿಂದ ಆದ ಸಂತೋಷ ದೊಡ್ಡದು.

ಮರುವರ್ಷ ನವರಾತ್ರಿ ಅಕ್ಟೋಬರ್ 3ಕ್ಕೇ ಬಂದಾಗ ನಮ್ಮ ಮರಗಳು ಬಹುಪಾಲು ಹಸಿರಾಗಿಯೇ ಇದ್ದವು. 2025ರಲ್ಲಿ ಸೆಪ್ಟೆಂಬರ್ 22ಕ್ಕೆ ಬಂದಾಗ ರಸ್ತೆಯಂಚಿನ ಹಳದಿ ಗೋಲ್ಡನ್‌ರಾಡ್ ಮತ್ತು ನೇರಳೆ ಆಸ್ಟರ್ ಹೂಗಳನ್ನು ತಂದು, ಎತ್ತಿಟ್ಟಿದ್ದ ಪೈನ್ ಕಾಯಿಗಳ ಜೊತೆ ಜೋಡಿಸಿದೆವು. 2026ರಲ್ಲಿ ಅಧಿಕಮಾಸವಿರುವುದರಿಂದ ಹಬ್ಬ ಮತ್ತೆ ಅಕ್ಟೋಬರ್ 11ಕ್ಕೆ ಸರಿಯುತ್ತದೆ. ಆಗ ಅಂಗಳದಲ್ಲಿ ಕೆಂಪು ಎಲೆ ಇರುತ್ತದೆ. ಅಮ್ಮನಿಗೆ ಟಿಕೆಟ್ ನೋಡಬೇಕು.