ಹುಡುಗರ ಐಸ್ ಹಾಕಿ ಮ್ಯಾಚಿಗೆ ಯಾಕೆ ಇಷ್ಟೊಂದು ಜನ?

ಊರಿಂದ ಫೋನ್ ಮಾಡುವ ಗೆಳೆಯರು, ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರು, ಎಲ್ಲರದೂ ಒಂದೇ ಪ್ರಶ್ನೆ: "ಅಲ್ಲ ಮಾರಾಯ, ಪಿಯುಸಿ ಓದೋ ವಯಸ್ಸಿನ ಹುಡುಗರ ಮ್ಯಾಚಿಗೆ ದುಡ್ಡು ಕೊಟ್ಟು ಹೋಗ್ತೀಯಲ್ಲ, ಟೀವಿಯಲ್ಲಿ ಎನ್‌ಎಚ್‌ಎಲ್ ಬರಲ್ವಾ?"

ಬರುತ್ತೆ. ಎನ್‌ಎಚ್‌ಎಲ್ ಅಂದರೆ ಅಮೆರಿಕ, ಕೆನಡಾದ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್. ಆದರೆ ನಾನಿರುವ ಸಸ್ಕಟೂನ್ ಇರೋದು ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ. ಇಡೀ ಪ್ರಾಂತ್ಯ ಹುಡುಕಿದರೂ ಒಂದು ಎನ್‌ಎಚ್‌ಎಲ್ ತಂಡ ಇಲ್ಲ. ವೆಸ್ಟರ್ನ್ ಹಾಕಿ ಲೀಗ್ ಅನ್ನೋ ಜೂನಿಯರ್ ಲೀಗಿನ ತಂಡಗಳು ಮಾತ್ರ ಐದಿವೆ. ಆಡುವವರು ಬಹುತೇಕ 16ರಿಂದ 20ರೊಳಗಿನ ಹುಡುಗರು. ಈ ಹುಡುಗರ ಲೀಗ್ ಇಲ್ಲಿನ ಜನಕ್ಕೆ ಇಷ್ಟು ಹತ್ತಿರ ಯಾಕಾಯಿತು ಅಂತ ಹೇಳಬೇಕಾದರೆ ಅದು ಹುಟ್ಟಿದ ಕಥೆಯನ್ನೇ ಹೇಳಬೇಕು.

ಹುಟ್ಟಿದ್ದೇ ಜಗಳದಲ್ಲಿ. ಕೆನಡಾದ ಜೂನಿಯರ್ ಹಾಕಿಯಲ್ಲಿ ಎಲ್ಲರ ಕಣ್ಣೂ ಮೆಮೋರಿಯಲ್ ಕಪ್ ಮೇಲೆ. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ 1919ರಲ್ಲಿ ಶುರುವಾದ ಕಪ್ ಅದು. ಎಡ್ಮಂಟನ್ ಆಯಿಲ್ ಕಿಂಗ್ಸ್ ತಂಡ 1960ರಿಂದ 1966ರವರೆಗೆ ಸತತ ಏಳು ವರ್ಷ ಅದರ ಫೈನಲ್ ಆಡಿತು. ಗೆದ್ದದ್ದು ಎರಡೇ ಸಲ. ತಂಡ ನಡೆಸುತ್ತಿದ್ದವರು ಬಿಲ್ ಹಂಟರ್; ಜನ ಅವರನ್ನು 'ವೈಲ್ಡ್ ಬಿಲ್' ಅಂತಲೇ ಕರೆಯುತ್ತಿದ್ದರು. ಪೂರ್ವದ ತಂಡಗಳು ವರ್ಷವಿಡೀ ಗಟ್ಟಿ ಎದುರಾಳಿಗಳ ಜೊತೆ ಆಡಿ ಬರುತ್ತವೆ, ನಮ್ಮವರಿಗೆ ಇಲ್ಲಿ ಸರಿಯಾದ ಪೈಪೋಟಿಯೇ ಇಲ್ಲ, ಪಶ್ಚಿಮದ ಒಳ್ಳೆ ತಂಡಗಳೆಲ್ಲ ಒಂದೇ ಲೀಗಿನಲ್ಲಿ ಆಡಬೇಕು ಅನ್ನೋದು ಅವರ ಹಟ.

1966ರಲ್ಲಿ ಏಳು ತಂಡ ಕಟ್ಟಿಕೊಂಡು ಲೀಗ್ ಶುರು ಮಾಡಿಯೇ ಬಿಟ್ಟರು. ಎಡ್ಮಂಟನ್, ಕ್ಯಾಲ್ಗರಿ ಬಿಟ್ಟರೆ ಉಳಿದ ಐದೂ ಸಸ್ಕಾಚೆವನ್‌ನವೇ: ರೆಜೈನಾ, ಸಸ್ಕಟೂನ್, ಮೂಸ್ ಜಾ, ಎಸ್ಟೆವನ್, ವೇಬರ್ನ್. ದೇಶದ ಹಾಕಿ ಸಂಸ್ಥೆ ಸಿಟ್ಟಾಯಿತು. ನಮ್ಮನ್ನು ಕೇಳದೆ ಲೀಗಾ? ಮೊದಲ ವರ್ಷ ಈ ತಂಡಗಳನ್ನು ಮೆಮೋರಿಯಲ್ ಕಪ್‌ನಿಂದಲೇ ಹೊರಗಿಟ್ಟಿತು. ಪತ್ರಿಕೆಗಳು 'ಔಟ್‌ಲಾ ಲೀಗ್' ಅಂದವು. ಕಪ್ ಗೆಲ್ಲೋಕೆ ಅಂತ ಲೀಗ್ ಕಟ್ಟಿದವರಿಗೆ ಕಪ್ಪೇ ಇಲ್ಲ ಅನ್ನೋ ಸ್ಥಿತಿ. ಆಮೇಲೆ ರಾಜಿ, ಮತ್ತೆ ಮುನಿಸು, 1970ರಲ್ಲಿ ಮತ್ತೆ ರಾಜಿ. ಹೆಸರು ಕೂಡ ಬದಲಾಗುತ್ತಲೇ ಹೋಯಿತು.

ಆ ಕಾಲದ ತಂಡಗಳಲ್ಲಿ ನನಗೆ ತುಂಬಾ ಇಷ್ಟದ್ದು ಫ್ಲಿನ್ ಫ್ಲಾನ್ ಬಾಂಬರ್ಸ್. ಮ್ಯಾನಿಟೋಬಾದ ಗಡಿಯಲ್ಲಿರುವ ಗಣಿ ಊರು ಅದು. ತಂಡದ ಆಟ ಎಷ್ಟು ಒರಟು ಅಂದರೆ, 1969ರಲ್ಲಿ ಒಂಟಾರಿಯೊದ ಸೇಂಟ್ ಥಾಮಸ್ ತಂಡ ಸರಣಿಯ ಮಧ್ಯದಲ್ಲೇ "ಇವರ ಜೊತೆ ಆಡಲ್ಲ" ಅಂತ ಎದ್ದು ಹೋಯಿತು. ಅದೇ ಊರಲ್ಲಿ ಹುಟ್ಟಿ ಬೆಳೆದು, ಅದೇ ತಂಡಕ್ಕೆ ಆಡಿದವರು ಬಾಬಿ ಕ್ಲಾರ್ಕ್. ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ. ಈ ಹುಡುಗ ದೊಡ್ಡ ಲೀಗಿನಲ್ಲಿ ತಡಕೊಳ್ಳಲ್ಲ ಅಂತ ಎನ್‌ಎಚ್‌ಎಲ್ ತಂಡಗಳು ಹಿಂದೇಟು ಹಾಕಿದವು. 1969ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, 17ನೆಯವರಾಗಿ ಫಿಲಡೆಲ್ಫಿಯಾ ತಂಡ ತೆಗೆದುಕೊಂಡಿತು. ಅವರ ನಾಯಕತ್ವದಲ್ಲಿ ಆ ತಂಡ 1974, 1975ರಲ್ಲಿ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದಿತು.

ಹಂಟರ್ ಕಥೆಗೆ ಇನ್ನೊಂದು ತಿರುವು ಇದೆ. 1972ರಲ್ಲಿ ಅವರೇ ಮುಂದೆ ನಿಂತು ಎಡ್ಮಂಟನ್‌ಗೆ ಒಂದು ವೃತ್ತಿಪರ ತಂಡ ತಂದರು. ಇವತ್ತಿನ ಎನ್‌ಎಚ್‌ಎಲ್ ತಂಡ ಆಯಿಲರ್ಸ್ ಅದೇ. ಜನ ಆ ಕಡೆ ಹೋದರು, ಆಯಿಲ್ ಕಿಂಗ್ಸ್ ಮ್ಯಾಚಿಗೆ ಬರುವವರು ಕಮ್ಮಿಯಾದರು. 1976ರಲ್ಲಿ ಆ ತಂಡ ಗಂಟುಮೂಟೆ ಕಟ್ಟಿಕೊಂಡು ಅಮೆರಿಕದ ಪೋರ್ಟ್‌ಲ್ಯಾಂಡ್‌ಗೆ ಹೋಯಿತು. ಹಿಂದೆಯೇ ಇನ್ನೂ ಕೆಲವು ತಂಡಗಳು ಗಡಿ ದಾಟಿದವು. 1978ರಲ್ಲಿ ಲೀಗಿನ ಹೆಸರಿನಿಂದ 'ಕೆನಡಾ' ತೆಗೆದು ಬರೀ ವೆಸ್ಟರ್ನ್ ಹಾಕಿ ಲೀಗ್ ಮಾಡಿದರು. ಫ್ಲಿನ್ ಫ್ಲಾನ್ ಕೂಡ ಅದೇ ವರ್ಷ ತನ್ನ ತಂಡ ಕಳೆದುಕೊಂಡಿತು.

ಚಿಕ್ಕ ಊರುಗಳು ಹೇಗೆ ಉಳಿದವು ಹಾಗಾದರೆ? ಸ್ವಿಫ್ಟ್ ಕರೆಂಟ್ ನೋಡಿ. ಜನಸಂಖ್ಯೆ ಸುಮಾರು 17,000, ನಮ್ಮ ಕಡೆ ಒಂದು ಪುಟ್ಟ ತಾಲ್ಲೂಕು ಕೇಂದ್ರದಷ್ಟು. ತಂಡಕ್ಕೆ ಶ್ರೀಮಂತ ಮಾಲೀಕ ಯಾರೂ ಇಲ್ಲ, ಅದು ಊರಿನವರದೇ. ಮೂಸ್ ಜಾ, ಪ್ರಿನ್ಸ್ ಆಲ್ಬರ್ಟ್, ಲೆತ್‌ಬ್ರಿಜ್ ತಂಡಗಳೂ ಹಾಗೇ. ದೂರದಿಂದ ಬಂದ ಆಟಗಾರ ಇರೋದು ಹಾಸ್ಟೆಲ್‌ನಲ್ಲಲ್ಲ, ಊರಿನ ಯಾವುದೋ ಮನೆಯಲ್ಲಿ. ಅಂಥ ಮನೆಯವರನ್ನು ಇಲ್ಲಿ ಬಿಲೆಟ್ ಅನ್ನುತ್ತಾರೆ. ಅವರ ಮನೆಯಲ್ಲೇ ಊಟ, ಅಲ್ಲೇ ಹೋಮ್‌ವರ್ಕ್. ರಾತ್ರಿ ಗೋಲು ಹೊಡೆದ ಹುಡುಗ ಬೆಳಿಗ್ಗೆ ಪಕ್ಕದ ಮನೆಯಿಂದ ಶಾಲೆಗೆ ಹೊರಟರೆ ಮ್ಯಾಚಿಗೆ ಹೋಗದೆ ಇರೋಕಾಗುತ್ತಾ?

ಇದೇ ಸ್ವಿಫ್ಟ್ ಕರೆಂಟ್ ತಂಡದ ಬಸ್ಸು 1986ರ ಡಿಸೆಂಬರ್ 30ರಂದು ರೆಜೈನಾಗೆ ಹೊರಟಿತ್ತು. ಊರು ದಾಟಿ ಸ್ವಲ್ಪ ದೂರದಲ್ಲೇ, ಮಂಜುಗಟ್ಟಿದ ರಸ್ತೆಯಲ್ಲಿ ಜಾರಿ ಉರುಳಿತು. ಹಿಂದಿನ ಸೀಟುಗಳಲ್ಲಿ ಕೂತು ಇಸ್ಪೀಟ್ ಆಡುತ್ತಿದ್ದ ನಾಲ್ವರು ಹುಡುಗರು ಸತ್ತರು. ತಂಡ ಆ ಸೀಸನ್ ನಿಲ್ಲಿಸಲಿಲ್ಲ. ನಾಲ್ಕೆಲೆಯ ಕ್ಲೋವರ್ ಚಿತ್ರದಲ್ಲಿ ಸತ್ತವರ ಜರ್ಸಿ ನಂಬರುಗಳನ್ನು, 8, 9, 11, 22, ಹೊಲಿಸಿಕೊಂಡು ಆಡಿತು. 1989ರಲ್ಲಿ ಮೆಮೋರಿಯಲ್ ಕಪ್ಪನ್ನೇ ಗೆದ್ದಿತು. ಫೈನಲ್ ನಡೆದದ್ದು ನಮ್ಮ ಸಸ್ಕಟೂನ್‌ನಲ್ಲಿ, ಸೋತದ್ದೂ ನಾವೇ, ಅದೂ ಓವರ್‌ಟೈಮ್‌ನಲ್ಲಿ 4-3.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿ ಕಾಣುತ್ತೆ. ಆದರೆ ಆ ತಂಡದ ಕೋಚ್ ಗ್ರಹಾಂ ಜೇಮ್ಸ್ ಹುಡುಗರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ಮಾಡಿದ್ದ. ಆ ಬಸ್ಸಿನಲ್ಲಿ ಬದುಕುಳಿದ ಶೆಲ್ಡನ್ ಕೆನಡಿ ಧೈರ್ಯ ಮಾಡಿ ದೂರು ಕೊಟ್ಟರು, 1997ರಲ್ಲಿ ಅವನಿಗೆ ಶಿಕ್ಷೆಯಾಯಿತು. ಮಕ್ಕಳನ್ನು ಮನೆಯಿಂದ ದೂರ ಕಳಿಸುವ ಲೀಗಿನ ಬಗ್ಗೆ ಬರೀ ಹೊಗಳಿ ಬರೆಯುವವರನ್ನು ಕಂಡರೆ ನನಗೆ ಆಗಲ್ಲ.

ನಮ್ಮ ಸಸ್ಕಟೂನ್ ಬ್ಲೇಡ್ಸ್ ಬಗ್ಗೆ ಏನು ಹೇಳಲಿ? 1966ರ ಏಳು ತಂಡಗಳಲ್ಲಿ ಒಂದು ವರ್ಷವೂ ತಪ್ಪಿಸದೆ, ಊರೂ ಬಿಡದೆ ಈ ಲೀಗಿನಲ್ಲಿ ಆಡುತ್ತಾ ಬಂದದ್ದು ಇದೊಂದೇ. ಒಂದೇ ಒಂದು ಸಲವೂ ಲೀಗ್ ಚಾಂಪಿಯನ್ ಆಗಿಲ್ಲ. ಆರ್‌ಸಿಬಿಗೆ 2025ರಲ್ಲಾದರೂ ಕಪ್ ಸಿಕ್ಕಿತು. ನಾವಿನ್ನೂ "ಈ ಸಲ ಕಪ್ ನಮ್ದೇ" ಅಂತಲೇ ಇದ್ದೇವೆ.

ಹೊಸಬರನ್ನು ನಾನು ಡಿಸೆಂಬರ್‌ನ ಟೆಡ್ಡಿ ಬೇರ್ ಮ್ಯಾಚಿಗೆ ಕರಕೊಂಡು ಹೋಗುತ್ತೇನೆ. ನಮ್ಮ ತಂಡ ಮೊದಲ ಗೋಲು ಹೊಡೆದ ತಕ್ಷಣ ಎಲ್ಲರೂ ಎದ್ದು ನಿಂತು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದ ಗೊಂಬೆಗಳನ್ನು ರಿಂಕಿಗೆ ಎಸೆಯುತ್ತಾರೆ. ಐಸ್ ಕಾಣದಷ್ಟು ಗೊಂಬೆ ಬೀಳುತ್ತೆ. ಆಟಗಾರರೇ ತಬ್ಬಿಕೊಂಡು ಎತ್ತುತ್ತಾರೆ, ಎಲ್ಲಾ ಬಡ ಮಕ್ಕಳಿಗೆ, ಆಸ್ಪತ್ರೆಗಳಿಗೆ ಹೋಗುತ್ತೆ. 1993ರಲ್ಲಿ ಇದೇ ಲೀಗಿನ ಕ್ಯಾಮ್‌ಲೂಪ್ಸ್‌ನಲ್ಲಿ ಶುರುವಾದ ಪದ್ಧತಿ ಇದು.

ಈಗ ಹೊಸ ತಲೆನೋವು ಬಂದಿದೆ. ಮೊದಲು ಈ ಲೀಗಿನಲ್ಲಿ ಆಡಿದರೆ ಅಮೆರಿಕದ ಕಾಲೇಜು ತಂಡಗಳಿಗೆ ಆಡುವಂತಿರಲಿಲ್ಲ. ಅದಕ್ಕೇ ಒಂದು ಸೀಸನ್ ಆಡಿದವನಿಗೆ ಒಂದು ವರ್ಷದ ಕಾಲೇಜು ಫೀಸು ಕೊಡುವ ಪದ್ಧತಿಯನ್ನು ಲೀಗ್ ಇಟ್ಟುಕೊಂಡಿದೆ. 2025ರ ಆಗಸ್ಟ್‌ನಿಂದ ಆ ಅಡ್ಡಿ ಹೋಯಿತು. ಮೆಡಿಸಿನ್ ಹ್ಯಾಟ್ ತಂಡವನ್ನು ಚಾಂಪಿಯನ್ ಮಾಡಿದ ಗ್ಯಾವಿನ್ ಮೆಕೆನಾ ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಗೆ ಹೊರಟೇಬಿಟ್ಟ. ಇಂಥವರೆಲ್ಲ ಹೋದರೆ ಟಿಕೆಟ್ ಯಾರು ತಗೋತಾರೆ ಅಂತ ಅಕ್ಕಪಕ್ಕದ ಸೀಟಿನವರು ಗೊಣಗುತ್ತಾರೆ. ನನಗೆ ಆ ಚಿಂತೆ ಅಷ್ಟಿಲ್ಲ. ಇಲ್ಲಿ ಯಾವ ಹುಡುಗನೂ 20 ದಾಟಿ ಆಡುವಂತಿಲ್ಲ. ಹುಡುಗರನ್ನು ಕಳಿಸಿಕೊಟ್ಟು ಈ ಊರುಗಳಿಗೆ ಅಭ್ಯಾಸ ಇದೆ.