ಒಂದು ಸುತ್ತಿನಲ್ಲಿ ಎರಡು ಸಲ ಉಜ್ಜಿದರೆ

"ಅಣ್ಣಾ, ಒಂದ್ ರೌಂಡಲ್ಲಿ ಎರಡು ಸಲ ಉಜ್ತಿದೆ."

ಯೆಜ್ಡಿ ರೋಡ್‌ಕಿಂಗ್ ಬೈಕಿನ ಮುಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ನಮ್ಮ ಹುಡುಗ ಹೇಳಿದ. "ಹೊಸ ಬ್ರೇಕ್ ಲೈನಿಂಗ್, ಓಡಿದ್ಮೇಲೆ ಕೂತ್ಕೊಳ್ಳತ್ತೆ ಬಿಡು" ಅಂದೆ. ಕೇಬಲ್ ಅಡ್ಜಸ್ಟರ್ ಒಂದು ಸುತ್ತು ಸಡಿಲ ಮಾಡಿದೆ, ಸದ್ದು ನಿಂತಿತು. ಅವತ್ತು ಶುಕ್ರವಾರ ಸಂಜೆ. ಭಾನುವಾರ ಜಾವಾ, ಯೆಜ್ಡಿ ಬೈಕಿನವರೆಲ್ಲ ಸೇರುವ ಜಾವಾ ಡೇ. ಪ್ರತಿ ವರ್ಷ ಜುಲೈನ ಎರಡನೇ ಭಾನುವಾರ ಬರುವ ಈ ದಿನಕ್ಕೆ ಮೂರು ವಾರ ಮುಂಚಿನಿಂದಲೇ ಶಾಪಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶನಿವಾರ ಮಧ್ಯಾಹ್ನ ಡೆಲಿವರಿ ಎಂದು ಓನರ್ ನಮ್ಮನ್ನು ಕೇಳದೆಯೇ ಮಾತು ಕೊಟ್ಟಿದ್ದರು.

ಹುಡುಗ ಹೇಳಿದ ಆ ಒಂದು ಮಾತಿನಲ್ಲಿ ಪೂರ್ತಿ ಉತ್ತರ ಇತ್ತು. ಬ್ರೇಕ್ ಹಿಡಿದರೆ ಕ್ಯಾಮ್ ತಿರುಗಿ ಎರಡು ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತದೆ; ಶೂ ಮೇಲಿನ ಉಜ್ಜುವ ಪದರವೇ ಲೈನಿಂಗ್. ಸುತ್ತಿಗೊಮ್ಮೆ ಉಜ್ಜಿದರೆ ಡ್ರಮ್ಮಿನ ಸೆಂಟರ್ ತಪ್ಪಿದೆ. ಬೇರಿಂಗ್ ಸೀಟು ನೋಡಬೇಕು, ಇಲ್ಲವೇ ಡ್ರಮ್ಮನ್ನು ತಿರುಗಿಸಿ ಒಳಮೈ ಕೆರೆಯುವ ಲೇಥಿನಲ್ಲಿ ಹಿಡಿದ ರೀತಿ ತಪ್ಪಿದೆ. ಬಿಡದೆ ಉಜ್ಜಿದರೆ ಶೂ ಅಥವಾ ಅದು ಕೂರುವ ಪ್ಲೇಟಿನ ಕೆಲಸ. ಸುತ್ತಿನಲ್ಲಿ ಎರಡು ಸಲ, ಅದೂ ಎದುರುಬದುರಿನ ಜಾಗದಲ್ಲಿ ಉಜ್ಜಿದರೆ ಡ್ರಮ್ ಮೊಟ್ಟೆಯಾಗಿದೆ ಎಂದೇ ಅರ್ಥ. ಲೈನಿಂಗ್ ಕೂತುಕೊಳ್ಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಶನಿವಾರ ಬೆಳಿಗ್ಗೆ ಟ್ರಯಲ್‌ಗೆ ಹೋದಾಗ 40ರ ವೇಗದಲ್ಲಿ ಲಿವರ್ ಬೆರಳನ್ನು ಸಣ್ಣಗೆ ತಳ್ಳುತ್ತಿತ್ತು. 20ಕ್ಕೆ ಇಳಿಯುವ ಹೊತ್ತಿಗೆ ಅದೇ ತಳ್ಳು ಸೆಕೆಂಡಿಗೆ ಐದಾರು ಸಲ, ಎಣಿಸುವಷ್ಟು ಸ್ಪಷ್ಟವಾಗಿ ಬಂತು, ಫೋರ್ಕ್ ತಲೆಯಾಡಿಸುತ್ತಿತ್ತು. 18 ಇಂಚಿನ ಚಕ್ರ ಒಂದು ಸುತ್ತಿಗೆ ಹೆಚ್ಚುಕಡಿಮೆ ಎರಡು ಮೀಟರ್ ಹೋಗುತ್ತದೆ. 20 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಮೂರು ಸುತ್ತಿಗಿಂತ ಸ್ವಲ್ಪ ಕಡಿಮೆ. ಸುತ್ತಿಗೆರಡರಂತೆ ಲೆಕ್ಕ ಹಾಕಿದರೆ ಅದೇ ಐದಾರು. ಈ ಲೆಕ್ಕ ರಸ್ತೆಯಲ್ಲೇ ಹಾಕಬಹುದಿತ್ತು. ಹಾಕದೆ ಶಾಪಿಗೆ ಬಂದು ಶೂ ಬಿಚ್ಚಿದೆ, ಕ್ಯಾಮ್ ನೋಡಿದೆ, ಪ್ಲೇಟಿನ ಬುಷ್ ಅಲ್ಲಾಡಿಸಿದೆ, ಕೇಬಲ್ ಬದಲಾಯಿಸಿದೆ. ಮೂರು ಗಂಟೆ ಹೋಯಿತು. ಲೇಥಿನ ಮೇಲೆ ಡಯಲ್ ಬರೀ 0.02 ಮಿ.ಮೀ. ಏರುಪೇರು ತೋರಿಸಿದ್ದ ಡ್ರಮ್ಮನ್ನು ಮತ್ತೆ ಅಳೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಕೊನೆಗೆ ಒಳವ್ಯಾಸ ಅಳೆಯುವ ಬೋರ್ ಗೇಜ್ ಹಾಕಿದೆ. ಒಂದು ಕಡೆ 160.84 ಮಿ.ಮೀ., ಅದಕ್ಕೆ ಅಡ್ಡಲಾಗಿ 160.56. ವ್ಯತ್ಯಾಸ 0.28.

ಈ ಹಬ್‌ನ, ಅಂದರೆ ಡ್ರಮ್ ಇರುವ ಚಕ್ರದ ನಡುಭಾಗದ, ಮೂಲ ಒಳ ಅಳತೆ 160 ಮಿ.ಮೀ. ಬರುವಾಗಲೇ ಅದು ಗೆರೆ ಬಿದ್ದು ಸವೆದಿತ್ತು. ಕಡ್ಡಿ (ಸ್ಪೋಕ್) ಕಟ್ಟದ ಬರೀ ಹಬ್ ಆಗಿದ್ದಾಗಲೇ ಲೇಥಿನಲ್ಲಿ 160.70ಕ್ಕೆ ಹೊಡೆಸಿ, ಆಮೇಲೆ ಹಳೇ ರಿಮ್ಮಿಗೆ 36 ಕಡ್ಡಿ ಕಟ್ಟಿದ್ದೆವು. ಹಬ್ ಅಲ್ಯುಮಿನಿಯಂ, ಒಳಗಿನ ಬೀಡು ಕಬ್ಬಿಣದ ಲೈನರ್ ತೆಳು. ಕಡ್ಡಿಗಳೆಲ್ಲ ಒಂದೇ ಸಮ ಎಳೆದರೆ ಡ್ರಮ್ ಕೂದಲೆಳೆಯಷ್ಟು ಹಿಗ್ಗಿದರೂ ಗುಂಡಗೇ ಇರುತ್ತದೆ. ಆದರೆ ಗುಂಡಿಗೆ ಬಿದ್ದು ಮೊಟ್ಟೆಯಾದ ರಿಮ್ಮಿನ ಏಳುಬೀಳು ತೆಗೆಯಲು ಎದುರುಬದುರು ಎರಡು ಕಡೆ ಜಗ್ಗಿ ಟೈಟ್ ಮಾಡಿ, ಉಳಿದೆರಡು ಕಡೆ ಸಡಿಲ ಬಿಟ್ಟಿದ್ದೆ. ರಿಮ್ ಗುಂಡಗಾಯಿತು, ಅದರ ಮೊಟ್ಟೆ ಡ್ರಮ್ಮಿಗೆ ಬಂತು. ರಿಮ್ಮಿನ ಡಯಲ್ ನೋಡಿ ಖುಷಿಪಟ್ಟವನು ಡ್ರಮ್ಮಿನ ಕಡೆ ತಿರುಗಿಯೂ ನೋಡಿರಲಿಲ್ಲ.

ಡಿಸ್ಕ್ ರೋಟರ್ ಮೇಲೆ ಕನಿಷ್ಠ ದಪ್ಪ ಕೆತ್ತಿರುವ ಗಾಡಿಗಳು ಬೇಕಾದಷ್ಟಿವೆ. ಈ ಹಬ್‌ನಲ್ಲಿ ಅಂಥ ಗುರುತಿಲ್ಲ. ಡ್ರಮ್ ಎಷ್ಟು ದೊಡ್ಡದಾಗಬಹುದು ಎಂದು ನಮ್ಮ ಶಾಪ್ ಹಾಕಿಕೊಂಡ ಗೆರೆ 161. ಅದನ್ನು ಮೀರಿದರೆ ಲೈನರ್ ಕಾವು ತಡೆಯುವುದು ಕಡಿಮೆಯಾಗುತ್ತದೆ, ಕ್ಯಾಮ್ ಜಾಸ್ತಿ ತಿರುಗಬೇಕಾಗುತ್ತದೆ. ಲೈನಿಂಗ್ ಸವೆದ ದಿನ ಕ್ಯಾಮ್ ಮಗುಚಿಕೊಂಡು ಬ್ರೇಕ್ ಹಿಡಿದೇ ಉಳಿಯಬಹುದು. ಹಾಗೇ ಲೇಥಿಗೆ ಏರಿಸಿದ್ದರೆ ಮೊಟ್ಟೆ ಹೋಗುವ ಹೊತ್ತಿಗೆ 160.86 ದಾಟುತ್ತಿತ್ತು. ಈ ಗಾಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ನಿಂತಿದ್ದು 1996ರಲ್ಲಿ. ಇಂಥ ಹಬ್‌ನಲ್ಲಿ ಉಳಿದಿರುವ ಪ್ರತಿ 0.05 ಕೂಡ ಗಾಡಿಯವರ ಆಸ್ತಿ.

ಅದಕ್ಕೇ ಮೊದಲು ಕಡ್ಡಿಗೆ ಕೈ ಹಾಕಿದೆವು. ಕಡ್ಡಿ ಬಿಗಿಯುವ ನಿಪ್ಪಲ್‌ಗಳನ್ನೆಲ್ಲ ಸಡಿಲಿಸಿ, ಸ್ಪ್ಯಾನರ್‌ನಿಂದ ತಟ್ಟಿ ಸದ್ದು ಕೇಳುತ್ತಾ ಸಮವಾಗಿ ಬಿಗಿದೆವು. ರಿಮ್ಮಿನ ಏಳುಬೀಳು 1 ಮಿ.ಮೀ. ಉಳಿಯಿತು. ಉಳಿಯಲಿ ಎಂದು ಬಿಟ್ಟೆವು, ಓಡಿಸುವವರಿಗೆ ಅದು ಗೊತ್ತಾಗುವುದಿಲ್ಲ. ಡ್ರಮ್ 160.78, 160.64ಕ್ಕೆ ಬಂತು. ಲೇಥ್ ಮುಟ್ಟುವ ಮೊದಲೇ ಅರ್ಧ ಮೊಟ್ಟೆ ಇಳಿದಿತ್ತು.

ಕಡ್ಡಿ ಕಟ್ಟಿದ ಚಕ್ರ ತಿರುಗಲು ಅರ್ಧ ಮೀಟರ್ ಜಾಗ ಬೇಕು. ನಾವು ಯಾವಾಗಲೂ ಹೋಗುವ ಟರ್ನರ್ ಹತ್ತಿರ ಇರುವುದು ಸಣ್ಣ ಲೇಥ್. ದೊಡ್ಡ ಚಕ್ರ ತಿರುಗುವಂತೆ ಬೆಡ್ಡಿನಲ್ಲಿ ತಗ್ಗು ಬಿಟ್ಟಿರುವ ಗ್ಯಾಪ್ ಬೆಡ್ ಲೇಥ್ ಇರುವ ಇನ್ನೊಬ್ಬರನ್ನು ಹುಡುಕಿ ಹೋದೆವು. ಬೇರಿಂಗ್ ತೆಗೆದು, ಎರಡೂ ಸೀಟಿಗೆ ಬಿಗಿಯಾಗಿ ಕೂರುವ ಕಾಲರ್ ಇರುವ ಮ್ಯಾಂಡ್ರೆಲ್ (ಹಿಡಿಸುವ ದಂಡ) ಹಾಕಿ ಎರಡು ಸೆಂಟರ್ ಮಧ್ಯೆ ಹಿಡಿಸಿದೆವು. ಹಬ್‌ನ ಹೊರಮೈಯನ್ನು ಹಿಡಿದು ಎಂದೂ ಹೊಡೆಸಬಾರದು, ಅದಕ್ಕೂ ಬೇರಿಂಗಿಗೂ ಸೆಂಟರ್ ಒಂದೇ ಇರುವುದಿಲ್ಲ. ಹಬ್ ಸುತ್ತ ಹಳೇ ಟ್ಯೂಬಿನ ಪಟ್ಟಿ ಬಿಗಿದೆವು. ಅದಿಲ್ಲದಿದ್ದರೆ ಡ್ರಮ್ ಗಂಟೆಯಂತೆ ಮೊಳಗಿ ಮೈಯೆಲ್ಲ ನಡುಕದ ಗುರುತು ಬೀಳುತ್ತದೆ. ವೇಗ 70 ಆರ್‌ಪಿಎಂ, ಬೀಡಿಗೆ ಆಗುವ ಕೆ ಗ್ರೇಡ್ ಕಾರ್ಬೈಡ್ ಟೂಲ್, ಫೀಡ್ (ಒಂದು ಸುತ್ತಿಗೆ ಟೂಲ್ ಸರಿಯುವಷ್ಟು) 0.08 ಮಿ.ಮೀ. ಕೂಲೆಂಟ್ ಬೇಡ.

ಒಳಮೈಗೆಲ್ಲ ನೀಲಿ ಮಾರ್ಕರ್ ಬಳಿದು ಮೊದಲ ಕಟ್ 0.05 ಕೊಟ್ಟೆವು. ಟೂಲ್ ಎರಡು ಕಡೆ ಮುಟ್ಟಿತು, ಎರಡು ಕಡೆ ಗಾಳಿಯಲ್ಲಿ ಹೋಯಿತು. ಹೊಳೆಯುವ ಎರಡು ಪಟ್ಟೆ, ನೀಲಿ ಎರಡು ಪಟ್ಟೆ. ಟರ್ನರ್ ಡಯಲ್ ನೋಡಿ "ಇನ್ನೊಂದು 05 ಕೊಡ್ಲಾ?" ಅಂದರು. ಬೇಡ, 03 ಸಾಕು ಅಂದೆ. ಆ ಕಟ್ ಕೊನೆ ಮುಟ್ಟುವವರೆಗಿನ ಏಳೆಂಟು ನಿಮಿಷ ಯಾರೂ ಮಾತಾಡಲಿಲ್ಲ. ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿದರೆ ನೀಲಿ ಪೂರ್ತಿ ಹೋಗಿತ್ತು. ಟೂಲ್ ಮುಂದೆ ತಳ್ಳದೆ ಅದೇ ಸೆಟ್ಟಿಂಗ್‌ನಲ್ಲಿ ಇನ್ನೊಮ್ಮೆ ಓಡಿಸಿದೆವು. 160.81. ಎಂಟು ದಿಕ್ಕಿನಲ್ಲಿ, ಎರಡು ಆಳದಲ್ಲಿ ಅಳೆದಾಗ ವ್ಯತ್ಯಾಸ 0.02.

ಟೂಲ್ ಬಿಟ್ಟ ಗೆರೆ ಸಣ್ಣ ಥ್ರೆಡ್ಡಿನಂತೆಯೇ ಇರುತ್ತದೆ. ಹಾಗೇ ಬಿಟ್ಟರೆ ಅದು ಶೂಗಳನ್ನು ಪಕ್ಕಕ್ಕೆ ಎಳೆದು ಟಕ್ ಎಂದು ಬಿಡುತ್ತದೆ. 120 ನಂಬರ್ ಎಮರಿಯನ್ನು ಗೆರೆಗೆ ಅಡ್ಡವಾಗಿ ಆಡಿಸಿ, ತಿನ್ನರ್‌ನಲ್ಲಿ ಬಟ್ಟೆ ಕಪ್ಪಾಗದವರೆಗೆ ಒರೆಸಬೇಕು.

ಡ್ರಮ್ ದೊಡ್ಡದಾದ ಮೇಲೆ 160ರ ಶೂ ನಡುವಿನಲ್ಲಿ ಮಾತ್ರ ಮುಟ್ಟುತ್ತದೆ. ದಪ್ಪ ಲೈನಿಂಗ್ ಅಂಟಿಸಿದ್ದ ಶೂಗಳನ್ನು ಪ್ಲೇಟಿನ ಮೇಲೇ ಕೂರಿಸಿ, ಕ್ಯಾಮ್ ಹತ್ತಿರ 0.3ರ ತಗಡು ಇಟ್ಟು, 160.6ಕ್ಕೆ ಹೊಡೆಸಿದೆವು. ತಗಡು ತೆಗೆದಾಗ ತಿರುಗಲು ಬೇಕಾದಷ್ಟು ಸಂದು ಸಿಕ್ಕಿತು, ಹಿಡಿದಾಗ ಮೈಯೆಲ್ಲ ಮುಟ್ಟಿತು. ಮುಂಚೂಣಿಯ ಅಂಚನ್ನು ಇಳಿಜಾರಾಗಿ ಉಜ್ಜಿಕೊಳ್ಳಬೇಕು, ಇಲ್ಲದಿದ್ದರೆ ಕಚ್ಚುತ್ತದೆ. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಆ ಧೂಳಿಗೆ ಕಂಪ್ರೆಸರ್ ಗಾಳಿ ಹೊಡೆಯುವ ಅಭ್ಯಾಸ ಇನ್ನೂ ಎಷ್ಟೋ ಶಾಪುಗಳಲ್ಲಿದೆ. ದಯವಿಟ್ಟು ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಟೈರ್ ಹಾಕಿ ಗಾಳಿ ತುಂಬಿಸಿದಾಗ ಕಡ್ಡಿಯ ಎಳೆತ ಸ್ವಲ್ಪ ಇಳಿಯುತ್ತದೆ, ಹಾಗಾಗಿ ಆಮೇಲೂ ಒಮ್ಮೆ ಅಳೆದೆವು. ವ್ಯತ್ಯಾಸ 0.03. 0.05ರ ಒಳಗಿದ್ದರೆ ನಾವು ಗಾಡಿ ಬಿಡುತ್ತೇವೆ. ರಾತ್ರಿ ಒಂಬತ್ತಕ್ಕೆ ಹುಡುಗ ಚಕ್ರ ತಿರುಗಿಸಿ, ಕಿವಿಗೊಟ್ಟು, ಸುಮ್ಮನೆ ತಲೆಯಾಡಿಸಿದ.

ನಮ್ಮ ಜಾಬ್ ಕಾರ್ಡಿನಲ್ಲಿ "ಡ್ರಮ್ ಟರ್ನಿಂಗ್" ಮೇಲಿದೆ, "ವೀಲ್ ಕಟ್ಟುವುದು" ಅದರ ಕೆಳಗಿದೆ. ಆ ಸಾಲು ನೋಡಿಕೊಂಡೇ ಹಬ್ ಮೊದಲು ಲೇಥಿಗೆ ಹೋಗುತ್ತಿತ್ತು. ಅಚ್ಚು ಬದಲಾಯಿಸಿ ಎಂದು ಓನರ್‌ಗೆ ಹೇಳಿದ್ದೇವೆ; ಹಳೇ ಕಟ್ಟು ಮುಗಿಯಲಿ ಅಂದಿದ್ದಾರೆ. ಅಲ್ಲಿಯವರೆಗೆ ಪ್ರತಿ ಕಾರ್ಡಿನಲ್ಲೂ ಆ ಎರಡು ಸಾಲಿಗೆ ಪೆನ್ನಿನಲ್ಲಿ ಅದಲುಬದಲು ಬಾಣ ಎಳೆದು, ಪಕ್ಕದಲ್ಲಿ ಬೋರ್ ಗೇಜ್‌ನ ಎರಡು ಅಳತೆಗೆ ಎರಡು ಖಾನೆ ಬರೆಯುತ್ತಿದ್ದೇವೆ: ಕಡ್ಡಿ ಬಿಗಿದ ಮೇಲೆ ಒಂದು, ಗಾಳಿ ತುಂಬಿದ ಮೇಲೆ ಇನ್ನೊಂದು.