ಎಂ4 ನೋಟ್ಸ್ ಮತ್ತೆ ತೆಗೆದ ಭಾನುವಾರ

ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ಟಿಯುಎಂ) ಕಂಪ್ಯುಟೇಶನಲ್ ಸೈನ್ಸ್ ಅಂಡ್ ಇಂಜಿನಿಯರಿಂಗ್ ಅಂತ ಎರಡು ವರ್ಷದ ಎಂ.ಎಸ್ಸಿ. ಇದೆ, ಅದಕ್ಕೆ ಅರ್ಜಿ ಹಾಕುವ ಕಥೆ ಇದು. ಪಾಠ ಇಂಗ್ಲಿಷಿನಲ್ಲೇ. ನಾನು ಓದಿದ್ದು ವಿಟಿಯು ಮೆಕ್ಯಾನಿಕಲ್. ಕೋರ್ಸಿನ ಹೆಸರು ಹೇಳಿದಾಗಲೆಲ್ಲ ಅಪ್ಪ ಕೇಳೋದು ಒಂದೇ: "ಅದು ಕಂಪ್ಯೂಟರ್ ಸೈನ್ಸಾ, ಮೆಕ್ಯಾನಿಕಲ್ಲಾ?" ಜಾಸ್ತಿ ಗಣಿತ ಅಪ್ಪಾ ಅಂದರೆ ಇನ್ನೂ ಗಾಬರಿ. ಕಾರು ಗೋಡೆಗೆ ಗುದ್ದಿದರೆ ಎಲ್ಲಿ ಮುದುಡುತ್ತದೆ, ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ, ಇಂಥದ್ದರ ಸಮೀಕರಣಗಳನ್ನು ಕೈಯಲ್ಲಿ ಬಿಡಿಸೋಕೆ ಆಗಲ್ಲ, ಅದಕ್ಕೇ ಸಣ್ಣ ಸಣ್ಣ ತುಂಡು ಮಾಡಿ ಕಂಪ್ಯೂಟರಿಗೆ ಕೊಡುತ್ತಾರೆ ಅಂತ ವಿವರಿಸಿದೆ. "ಹಾಗಾದ್ರೆ ಕಂಪ್ಯೂಟರ್ ಸೈನ್ಸೇ" ಅಂದುಬಿಟ್ಟರು.

ಕಾಗದಪತ್ರದ ಕಥೆ ಎಲ್ಲರದ್ದೂ ಒಂದೇ. 2022ರ ನವೆಂಬರಿನಿಂದ ಜರ್ಮನಿಯ ಸ್ಟೂಡೆಂಟ್ ವೀಸಾಗೆ ನಮ್ಮ ಡಿಗ್ರಿ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ಬೇಕೇ ಬೇಕು, ಅದಕ್ಕೆ 18,000 ರೂಪಾಯಿ. ಆಮೇಲೆ ನಮ್ಮ ಮಾರ್ಕ್ಸನ್ನು ಅವರ ಲೆಕ್ಕಕ್ಕೆ ತಿರುಗಿಸಬೇಕು. ಪಾಸಿಗೆ 40 ಅಂತ ಹಿಡಿದರೆ ನನ್ನ 72 ಪರ್ಸೆಂಟ್ ಅಲ್ಲಿ 2.4 ಆಗುತ್ತದೆ. ಅಮ್ಮ ಅದನ್ನು ನೋಡಿ "ಇಷ್ಟೇನಾ?" ಅಂದರು. ಅಲ್ಲಿ 1 ಅಂದರೆ ಎಲ್ಲಕ್ಕಿಂತ ಮೇಲೆ, 4 ಅಂದರೆ ಜಸ್ಟ್ ಪಾಸ್ ಅಂತ ಹೇಳಿದ ಮೇಲೂ ಅವರಿಗೆ ಪೂರ್ತಿ ನಂಬಿಕೆ ಬಂದಿಲ್ಲ.

ನಿಜವಾದ ಕೆಲಸ ಇದ್ದದ್ದು ಟಿಯುಎಂ ಅರ್ಜಿಯ ಒಂದು ಫಾರ್ಮಿನಲ್ಲಿ. ಯಾವ ವಿಷಯವನ್ನು ಯಾವ ಪೇಪರಿನಲ್ಲಿ ಓದಿದ್ದೀರಿ ಅಂತ ಒಂದೊಂದಾಗಿ ತೋರಿಸಬೇಕು. ಆ ಭಾನುವಾರ ತಿಂಡಿ ಮುಗಿಸಿ ಕೂತವನು ಅಟ್ಟದ ಮೇಲಿನ ರಟ್ಟಿನ ಡಬ್ಬಿ ಇಳಿಸಿ ನಾಲ್ಕನೇ ಸೆಮಿಸ್ಟರಿನ ಗಣಿತದ, ಅಂದರೆ ಎಂ4, ನೋಟ್ಸ್ ಹುಡುಕಿದೆ. ಸಮೀಕರಣವನ್ನು ಹೆಜ್ಜೆ ಹೆಜ್ಜೆಯಾಗಿ ಅಂದಾಜಿಸಿ ಬಿಡಿಸುವ ವಿಧಾನಗಳಾದ ರುಂಗೆ-ಕುಟ್ಟ, ಮಿಲ್ನೆ, ಆ್ಯಡಮ್ಸ್-ಬ್ಯಾಶ್‌ಫೋರ್ತ್ ಎಲ್ಲ ಅಲ್ಲೇ ಇದ್ದವು. ಪರೀಕ್ಷೆಗೆ ಇವು ಖಚಿತ ಮಾರ್ಕಿನ ಪ್ರಶ್ನೆಗಳು, ಸೂತ್ರ ಬಾಯಿಪಾಠ ಮಾಡಿ ಕ್ಯಾಸಿಯೋ ಕ್ಯಾಲ್ಕುಲೇಟರ್ ಒತ್ತಿದರೆ ಮುಗೀತು. ಒಂದು ಪುಟದಲ್ಲಿ ರುಂಗೆ-ಕುಟ್ಟ ಲೆಕ್ಕ: ಡಿವೈ ಬೈ ಡಿಎಕ್ಸ್ = ಎಕ್ಸ್ + ವೈ, ವೈ(0) = 1, ಹೆಜ್ಜೆ 0.2. ನಡುವಿನ ನಾಲ್ಕು ಲೆಕ್ಕಗಳು ಕೆ1 0.2, ಕೆ2 0.24, ಕೆ3 0.244, ಕೆ4 0.2888, ಕೊನೆಗೆ ಉತ್ತರ 1.2428 ಅಂತ ಎರಡು ಗೆರೆ ಎಳೆದಿದ್ದೆ.

ಇದನ್ನೇ ಅಲ್ವಾ ಇವರು ಕೇಳ್ತಿರೋದು ಅನ್ನಿಸಿತು. ಸುಮ್ನೆ ಪೈಥಾನ್ ತೆರೆದು ಅದೇ ಲೆಕ್ಕ ಬರೆದೆ. 1.2428 ಬಂತು. ಹೆಜ್ಜೆ ಅರ್ಧ ಮಾಡಿದರೆ ತಪ್ಪು ಎಷ್ಟು ಕಡಿಮೆಯಾಗುತ್ತದೆ ಅಂತ ನೋಡಿದೆ, ಹೆಚ್ಚುಕಡಿಮೆ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯಿತು. ಹದಿನಾರು ಅಂದರೆ ಎರಡರ ನಾಲ್ಕನೇ ಘಾತ. ನಾಲ್ಕನೇ ಆರ್ಡರ್ ವಿಧಾನ ಅಂತ ಪರೀಕ್ಷೆಯಲ್ಲಿ ಬರೆದಿದ್ದೇನೋ ಹೌದು, ಆ ನಾಲ್ಕಕ್ಕೆ ಏನು ಅರ್ಥ ಅಂತ ಕಣ್ಣಾರೆ ಕಂಡದ್ದು ಆಗಲೇ. ಊಟಕ್ಕೆ ಕರೆದರೂ ಏಳಲಿಲ್ಲ. ವಸ್ತುವನ್ನು ತುಂಡು ಮಾಡಿ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನದ ನೋಟ್ಸೂ ಹೊರಗೆ ಬಂತು, ಎರಡು ತುಂಡಿನ ಬಾರ್‌ಗೆ (ಲೋಹದ ಸರಳಿಗೆ) ಕಾಗದದ ಮೇಲೆ ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್, ಅಂದರೆ ಅದರ ಬಿಗಿತದ ಕೋಷ್ಟಕ, ಜೋಡಿಸುತ್ತಿದ್ದೆವಲ್ಲ, ಅದನ್ನು ಸಾವಿರ ತುಂಡು ಮಾಡಿ ಓಡಿಸಿದೆ. ಫಾರ್ಮ್ ತುಂಬಿದ್ದು ರಾತ್ರಿ.

ಮೋಟಿವೇಶನ್ ಲೆಟರ್ ಕೂಡ ಇದರಿಂದಲೇ ಹುಟ್ಟಿತು. ಗೆಳೆಯರು ಕಳಿಸಿದ ಸ್ಯಾಂಪಲ್‌ಗಳೆಲ್ಲ "ಚಿಕ್ಕಂದಿನಿಂದಲೂ ನನಗೆ ಕುತೂಹಲ" ಅಂತಲೇ ಶುರುವಾಗುತ್ತವೆ, ಓದುವವರಿಗೆ ಎಷ್ಟು ಬೇಜಾರಾಗಬೇಡ! ನಾನು ಆ ಬಾರ್‌ನಿಂದ ಶುರು ಮಾಡಿದೆ.

ಈಗ ಉಳಿದಿರೋದು ದುಡ್ಡಿನ ಜಗಳ. ವೀಸಾಗೆ ಅಲ್ಲಿನ ಖರ್ಚಿನ ದುಡ್ಡು ಮುಂಚೆಯೇ ಇಟ್ಟು ತೋರಿಸುವ ಬ್ಲಾಕ್ಡ್ ಅಕೌಂಟಿಗೆ ವರ್ಷಕ್ಕೆ 11,904 ಯೂರೋ. ಅದಲ್ಲದೆ 2024ರ ಚಳಿಗಾಲದ ಸೆಮಿಸ್ಟರಿನಿಂದ ಟಿಯುಎಂ ಯುರೋಪಿಯನ್ ಒಕ್ಕೂಟದ ಹೊರಗಿನ ದೇಶಗಳ ಹೊಸ ವಿದ್ಯಾರ್ಥಿಗಳಿಗೆ ಫೀಸು ಹಾಕಿದೆ, ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಸೆಮಿಸ್ಟರಿಗೆ 4,000 ಇಲ್ಲವೇ 6,000 ಯೂರೋ. ಜರ್ಮನಿಯಲ್ಲಿ ಓದು ಪುಕ್ಕಟೆ ಅಂತ ಚಿಕ್ಕಪ್ಪ ಇನ್ನೂ ಹೇಳಿಕೊಂಡು ತಿರುಗುತ್ತಿದ್ದಾರೆ.

ಐಐಎಸ್‌ಸಿಯಲ್ಲೂ ಕಂಪ್ಯುಟೇಶನಲ್ ಅಂಡ್ ಡೇಟಾ ಸೈನ್ಸಸ್ ವಿಭಾಗ ಇದೆ, 3.3 ಪೆಟಾಫ್ಲಾಪ್ ವೇಗದ ಸೂಪರ್ ಕಂಪ್ಯೂಟರ್ ಪರಮ್ ಪ್ರವೇಗ ಇರೋದೂ ಅದೇ ಕ್ಯಾಂಪಸ್ಸಿನಲ್ಲಿ. ಗೇಟ್ ಸ್ಕೋರ್ ಇತ್ತು, ಅಲ್ಲಿಗೂ ಹಾಕಿದ್ದೇನೆ. "ಯಶವಂತಪುರದ ಪಕ್ಕದಲ್ಲಿ ಸಿಗೋದಕ್ಕೆ ಮ್ಯೂನಿಕ್ ತನಕ ಯಾಕೋ?" ಅಂತ ಅಪ್ಪ. ಪ್ರಶ್ನೆ ಏನೂ ತಪ್ಪಿಲ್ಲ, ಸೀಟು ಸಿಗೋದು ಯಾವ ಮಟ್ಟದ ಕಷ್ಟ ಅಂತ ಅವರಿಗೆ ಗೊತ್ತಿಲ್ಲ ಅಷ್ಟೆ. ಯಾವುದು ಮೊದಲು ಬರುತ್ತೋ ಅದಕ್ಕೆ ಸೇರು ಅನ್ನೋದು ಅಮ್ಮನ ತೀರ್ಪು. ನಾನಿನ್ನೂ ಒಪ್ಪಿಲ್ಲ.